ನಾವಿಬ್ಬರೇ ಕೇಳಿದ ಮಾತು

ಮೊನ್ನೆ ಕಚೇರಿ ಮುಗಿಸಿ ಎಸ್ಪ್ಲನೇಡಿನಲ್ಲಿ ಮೆಟ್ರೊ ಹತ್ತಿದೆ. ಸಂಜೆ ಹೊತ್ತಿನ ಮೆಟ್ರೊವನ್ನು ನೀವು ನೋಡಿದ್ದರೆ ವಿವರಿಸುವ ಅಗತ್ಯವಿಲ್ಲ. ನಿಂತವನಿಗೆ ಕೈ ಎತ್ತಿ ತಲೆ ಕೆರೆದುಕೊಳ್ಳಲೂ ಜಾಗವಿರುವುದಿಲ್ಲ. ನನ್ನ ಪುಣ್ಯಕ್ಕೆ ಬಾಗಿಲ ಪಕ್ಕದ ಮೂಲೆ ಸಿಕ್ಕಿತು. ಎದುರಿನ ಸೀಟಿನಲ್ಲಿ ಒಬ್ಬ ತರುಣ, ಅವನ ತೊಡೆಯ ಮೇಲೆ ನಾಲ್ಕು ವರ್ಷದ ಹುಡುಗಿ. ಹುಡುಗಿ ಮಾತಾಡುತ್ತಿದ್ದಳು. ಸುರಂಗದೊಳಗಿನ ಕತ್ತಲೆಯನ್ನು ಯಾರು ಮಾಡಿದರು, ಡ್ರೈವರ್ ಕಾಕಾನಿಗೆ ಹಸಿವಾದರೆ ಏನು ಮಾಡುತ್ತಾನೆ, ಕಿಟಕಿಯ ಗಾಜಿನಲ್ಲಿ ಕಾಣುವ ಇನ್ನೊಬ್ಬ ಹುಡುಗಿ ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ. ಎಲ್ಲವೂ ಬಂಗಾಳಿಯಲ್ಲಿ, ಎಲ್ಲವೂ ಒಂದೇ ಉಸಿರಿನಲ್ಲಿ. ಅಪ್ಪ ಮೊಬೈಲಿನಿಂದ ಕಣ್ಣೆತ್ತದೆ "ಹೂಂ" ಅನ್ನುತ್ತಿದ್ದ.

ಅವನ ಭುಜ ತಟ್ಟಿ ಏನೋ ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳಿದ್ದರೆ ಆತ ನನ್ನನ್ನು ಅರೆಹುಚ್ಚನೆಂದುಕೊಳ್ಳುತ್ತಿದ್ದ. ದಮ್‌ದಮ್‌ನಲ್ಲಿ ಅವರು ಇಳಿದರು. ಹುಡುಗಿಯ ದನಿ ಜನರ ಕಾಲುಗಳ ನಡುವೆ ಸ್ವಲ್ಪ ದೂರ ಕೇಳಿಸಿ ನಿಂತಿತು. ನಾನು ಮಾತ್ರ ದಕ್ಷಿಣೇಶ್ವರ ಬರುವ ತನಕ ನನ್ನ ಮಗಳು ಇಂಚರಾಳ ನಾಲ್ಕನೇ ವರ್ಷದಲ್ಲೇ ನಿಂತಿದ್ದೆ.

ಇಂಚರ ಅಂದರೆ ಹಕ್ಕಿಯ ಇಂಪಾದ ದನಿ. ಹೆಸರು ಆರಿಸಿದವಳು ನನ್ನ ಹೆಂಡತಿ ಗಿರಿಜಾ. ತೊಟ್ಟಿಲಿನಿಂದ ಇಳಿಯುವ ಮೊದಲೇ ಅದು ‘ಇಂಚು’ ಆಯಿತು. ಹೆಸರು ಇಂಚು, ಮಾತು ಗಜಗಟ್ಟಲೆ ಎಂದು ನನ್ನ ತಾಯಿ ಧಾರವಾಡದಿಂದ ಫೋನಿನಲ್ಲಿ ನಗುತ್ತಿದ್ದಳು. ಈ ಮಾತು ಎಲ್ಲಿಂದ ಬಂತು ಎಂಬುದು ನಮ್ಮ ಎರಡೂ ಮನೆತನಗಳ ನಡುವೆ ಇನ್ನೂ ಬಗೆಹರಿಯದ ವ್ಯಾಜ್ಯ. ನನ್ನ ತಂದೆ "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆಯನ್ನು ನಂಬಿ ಬದುಕಿದವರು, ಆ ಗಾದೆಯನ್ನೂ ಅವರು ಪೂರ್ತಿ ಹೇಳಿದ್ದು ನಾನು ಕೇಳಿಲ್ಲ, "ಮಾತು ಆಡಿದರ..." ಎಂದು ಉಳಿದದ್ದನ್ನು ನಮಗೇ ಬಿಡುತ್ತಿದ್ದರು. ನಾನು ಅವರ ಮಗ. ಗಿರಿಜಾಳೂ ಹೆಚ್ಚು ಮಾತಿನವಳಲ್ಲ. ಮದುವೆಯಾದ ಹೊಸತರಲ್ಲಿ ನಮ್ಮಿಬ್ಬರನ್ನು ನೋಡಲು ಬಂದವರು ನಾವು ಜಗಳವಾಡಿದ್ದೇವೆಂದು ತಿಳಿದು ಚಹಾ ಕುಡಿದ ಕೂಡಲೇ ಎದ್ದು ಹೋಗುತ್ತಿದ್ದರು. ಇಂಥ ಮನೆಯಲ್ಲಿ ಆ ಮಗು ಹುಟ್ಟಿತು.

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರ. ಬಡ್ತಿಯ ಜೊತೆಗೆ ಕೊಲ್ಕತ್ತೆ ಬಂತು, ಬೇಡವೆಂದರೆ ಬಡ್ತಿಯೂ ಇಲ್ಲ. ಇಂಚುವಿಗೆ ಆಗ ಮೂರು ತುಂಬಿತ್ತು. ದಕ್ಷಿಣೇಶ್ವರದ ಒಂದು ಗಲ್ಲಿಯಲ್ಲಿ, ನದಿಯ ಗಾಳಿ ತಾಗುವಷ್ಟು ದೂರದಲ್ಲಿ, ಒಂದು ಹಳೆಯ ಮನೆಯ ಮೊದಲ ಮಹಡಿಯನ್ನು ಬಾಡಿಗೆಗೆ ಹಿಡಿದೆವು. ಕೆಳಗೆ ಮನೆಯೊಡತಿ. ಗಲ್ಲಿಗೆಲ್ಲ ಅವರು ಕಾಕಿಮಾ, ನಮ್ಮ ಕಡೆ ಚಿಕ್ಕಮ್ಮ ಎನ್ನುವ ಹಾಗೆ, ಆದ್ದರಿಂದ ನಮಗೂ ಕಾಕಿಮಾ. ಗಿರಿಜಾಳಿಗೆ ಬಂಗಾಳಿ ಬರುತ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಕಾಕಿಮಾರಿಗೆ ಬಂಗಾಳಿ ಬಿಟ್ಟರೆ ಬೇರೆ ಇಲ್ಲ. ಇಬ್ಬರೂ ಮೆಟ್ಟಿಲ ಮೇಲೆ ನಿಂತು ಕೈಬಾಯಿ ಸನ್ನೆಯಲ್ಲೇ ಮೀನಿನ ವಾಸನೆ, ನೀರಿನ ಹೊತ್ತು, ಮೊಣಕಾಲು ನೋವು ಇತ್ಯಾದಿ ವಿಷಯಗಳನ್ನೆಲ್ಲ ವಿಲೇವಾರಿ ಮಾಡುತ್ತಿದ್ದರು.

ಇನ್ನು ಇಂಚು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅವಳ ಬಾಯಿ ತೆರೆಯುತ್ತಿತ್ತು. "ಅಪ್ಪಾ, ಆಮ್ಯಾಲ ಏನಾತು ಗೊತ್ತದೇನು?" ಎಂದೇ ದಿನ ಶುರು. ಮೊದಲು ಏನಾಯಿತು ಎಂಬುದು ಅವಳ ಕನಸಿನಲ್ಲೇ ಉಳಿದಿರುತ್ತಿತ್ತು. ನಮಗೆ ಸಿಗುತ್ತಿದ್ದದ್ದು ಬರೀ ಆಮೇಲಿನದು. ಅನ್ನದ ಮೇಲಿನ ಹೊಗೆ ಎಲ್ಲಿಗೆ ಹೋಗುತ್ತದೆ, ಎಡಗಾಲಿನ ಚಪ್ಪಲಿಗೆ ಬಲಗಾಲು ಯಾಕೆ ಸೇರುವುದಿಲ್ಲ, ಆಯಿ ಫೋನಿನೊಳಗೆ ಇಷ್ಟು ಸಣ್ಣಗೆ ಹೇಗೆ ಕೂತಳು. ಆಯಿ ಎಂದರೆ ನನ್ನ ತಾಯಿ.

ಒಂದು ಸಂಜೆ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ನಮ್ಮ ಕಡೆ ಹಾಗಾದರೆ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನುವುದು ವಾಡಿಕೆ. ಗಿರಿಜಾ ತಟ್ಟಿದಳು. ಏನೋ ಕೊಡಲು ಮೇಲೆ ಬಂದಿದ್ದ ಕಾಕಿಮಾ ಅದೇ ಹೊತ್ತಿಗೆ ತಾವೂ ಬಾಗಿಲ ಚೌಕಟ್ಟು ತಟ್ಟಿ "ಠಿಕ್ ಠಿಕ್ ಠಿಕ್" ಅಂದರು. ಇಲ್ಲಿಯವರ ಲೆಕ್ಕದಲ್ಲಿ, ಯಾರೋ ಆಡಿದ ಮಾತು ನಿಜವೆಂದು ಹಲ್ಲಿ ಸಾಕ್ಷಿ ಹೇಳುತ್ತದೆ, ಸರಿ ಸರಿ ಸರಿ ಎಂದು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಇಂಚು ಮಾತ್ರ ನಗಲಿಲ್ಲ.

"ಅಪ್ಪಾ, ಈ ಹಲ್ಲಿ ಬೆಂಗಾಲಿ ಮಾತಾಡ್ತದೇನು?"

"ಹೂಂ."

"ಧಾರವಾಡದ ಹಲ್ಲಿ ಇಲ್ಲಿಗೆ ಬಂದ್ರ ಇದರ ಕೂಡ ಹೆಂಗ ಮಾತಾಡ್ಬೇಕು?"

"ಕಲೀತದ ಬಿಡು."

"ಕಲೀಲಿಕ್ಕೆ ಬರದಿದ್ರ? ಸುಮ್ಮ ಗ್ವಾಡಿ ಮ್ಯಾಲ ಕೂತಿರಬೇಕೇನು?"

ನಾನು ಪತ್ರಿಕೆಯ ಪುಟ ತಿರುವಿದೆ. ನನ್ನ ಹೂಂಕಾರದ ಮೇಲೆ ಅವಳಿಗೆ ಬಹಳ ಬೇಗ ಅನುಮಾನ ಹುಟ್ಟಿತ್ತು. ನಡುನಡುವೆ ತಡೆದು "ಅಪ್ಪಾ, ಈಗ ನಾ ಏನ್ ಹೇಳ್ದೆ?" ಎಂದು ಪರೀಕ್ಷೆ ಮಾಡುತ್ತಿದ್ದಳು. ಸುಮಾರಾಗಿ ಆನೆ, ಇಲ್ಲವೇ ಆಯಿ, ಇಲ್ಲವೇ ಕಾಕಿಮಾರ ಬೆಕ್ಕು ಎಂದು ಊಹಿಸಿದರೆ ಪಾಸಾಗುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಂದೇಶ್ ಮಿಠಾಯಿ ಕೊಡಿಸುತ್ತೇನೆ ಎಂದು ಗಿರಿಜಾ ಒಮ್ಮೆ ಆಸೆ ತೋರಿಸಿದಳು. ಇಂಚು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ತುಸು ಹೊತ್ತಿನಲ್ಲೇ ಬೆರಳ ಸಂದಿಯಿಂದ ದನಿ ಬಂತು: "ಅವ್ವಾ, ನಾ ಎಷ್ಟ ಚೊಲೋ ಸುಮ್ಮ ಕೂತೇನಿ ನೋಡಿದೇನು?"

ಇಂಥವಳನ್ನು ಹತ್ತಿರದ ಇಂಗ್ಲಿಷ್ ನರ್ಸರಿ ಶಾಲೆಗೆ ಸೇರಿಸಿದೆವು. ನನಗಿದ್ದದ್ದು ಒಂದೇ ಚಿಂತೆ, ಪಾಪ, ಆ ಶಿಕ್ಷಕಿಯ ಗತಿಯೇನು ಎಂದು. ಒಂದು ತಿಂಗಳು ಕಳೆಯಿತು. ಶಾಲೆಯಿಂದ ಕರೆ ಬಂತು. ನಾನೂ ಗಿರಿಜಾಳೂ ದಾರಿಯುದ್ದಕ್ಕೂ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡುತ್ತ ಹೋದೆವು. ಶಿಕ್ಷಕಿ ಶರ್ಮಿಷ್ಠಾ ಮಿಸ್, ಇನ್ನೂ ಇಪ್ಪತ್ತೈದು ದಾಟಿರದ ಹುಡುಗಿ, ನಮ್ಮನ್ನು ಸಣ್ಣ ಕುರ್ಚಿಗಳ ಮೇಲೆ ಕೂರಿಸಿ ಬಹಳ ಮೆಲ್ಲಗೆ ಕೇಳಿದಳು, "ದಾದಾ, ಮಗುವಿನ ಕಿವಿ ತೋರಿಸಿದ್ದೀರಾ?"

ನಮಗೆ ಅರ್ಥವಾಗಲಿಲ್ಲ.

"ಓ ತೋ ಏಕ್‌ದೊಮ್ ಕೊಥಾ ಬೊಲೇ ನಾ," ಅಂದಳು. ಅವಳು ಒಂದು ಮಾತೂ ಆಡುವುದಿಲ್ಲ. ಒಂದೂ ಇಲ್ಲ. ಹೆಸರು ಕರೆದರೆ ಎದ್ದು ನಿಲ್ಲುತ್ತಾಳೆ, ಹೇಳಿದ ಬಣ್ಣವನ್ನೇ ತುಂಬುತ್ತಾಳೆ, ಬಾತ್‌ರೂಮಿಗೆ ಹೋಗಬೇಕಾದರೆ ಬಂದು ಸೆರಗು ಹಿಡಿಯುತ್ತಾಳೆ. ಬಾಯಿ ಬಿಡುವುದಿಲ್ಲ.

ನಾನು ನಕ್ಕುಬಿಟ್ಟೆ. ಬೇರೆ ಯಾರದೋ ಮಗುವಿನ ವಿಷಯ ನಮಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಗಿರಿಜಾ ನಗಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದಳು. ಅಲ್ಲಿ ಅಂಗಳದಲ್ಲಿ ಮಕ್ಕಳು ಕೂಗಾಡುತ್ತ ಓಡುತ್ತಿದ್ದವು. ಗೋಡೆಗೆ ಬೆನ್ನು ಹಚ್ಚಿ, ಟಿಫಿನ್ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ನಮ್ಮ ಇಂಚು ನಿಂತಿದ್ದಳು. ಒಂದು ಮಗು ಬಂದು ಏನೋ ಕೇಳಿತು. ಇಂಚು ಅದರ ಮುಖ ನೋಡಿದಳು, ಅಷ್ಟೆ. ಅದು ಕಾದು ನೋಡಿ ಓಡಿಹೋಯಿತು.

ಅಂದು ಶಾಲೆ ಬಿಟ್ಟು ಗೇಟಿನಿಂದ ಹತ್ತು ಹೆಜ್ಜೆ ಬಂದಿರಲಿಕ್ಕಿಲ್ಲ, "ಅವ್ವಾ, ಆಮ್ಯಾಲ ಏನಾತು ಗೊತ್ತದೇನು" ಶುರುವಾಯಿತು. ದಿನವಿಡೀ ಕಟ್ಟಿಟ್ಟದ್ದೆಲ್ಲ ಒಮ್ಮೆಲೇ. ಅವಳು ಮನೆಗೆ ಬಂದು ಯಾಕೆ ಅಷ್ಟು ಮಾತಾಡುತ್ತಾಳೆಂದು ನಮಗೆ ತಿಳಿದದ್ದು ಆವತ್ತು.

ಶರ್ಮಿಷ್ಠಾ ಮಿಸ್ ಕೇಳಿದ್ದಳು, ಮನೆಯಲ್ಲಿ ಯಾವ ಭಾಷೆ? ಕನ್ನಡ ಎಂದೆವು. ಅದು ತಮಿಳಿನ ಹಾಗೆಯೇನು ಎಂದು ಕೇಳಿದಳು. ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದು, ಹೌದೆಂದರೂ ಕಷ್ಟ, ಅಲ್ಲವೆಂದರೂ ಕಷ್ಟ. ಕೆಲವು ದಿನ ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ ನೋಡಿ, ಮಗುವಿಗೆ ಗೊಂದಲ ಕಡಿಮೆಯಾಗಬಹುದು ಎಂದು ಸಲಹೆ ಕೊಟ್ಟಳು. ಅವಳು ಮಗುವಿನ ಒಳ್ಳೆಯದಕ್ಕೇ ಹೇಳಿದ್ದು. ನಾವು ಹೂಂ ಎಂದು ಬಂದೆವು.

ಆ ವಾರವನ್ನು ನೆನೆದರೆ ಈಗಲೂ ನಗು ಬರುತ್ತದೆ. ನನ್ನ ಇಂಗ್ಲಿಷು ಕಡತದ ಇಂಗ್ಲಿಷು. "ಕೈಂಡ್ಲಿ ಫಿನಿಶ್ ದ ಮಿಲ್ಕ್" ಎನ್ನುತ್ತಿದ್ದೆ. ಗಿರಿಜಾ ಒಂದೊಂದು ವಾಕ್ಯಕ್ಕೂ ಮೊದಲು ಮನಸ್ಸಿನಲ್ಲಿ ಬರೆದುಕೊಂಡು ಆಮೇಲೆ ಓದುವವಳ ಹಾಗೆ ನಿಲ್ಲುತ್ತಿದ್ದಳು. ಇಂಚು ನಮ್ಮಿಬ್ಬರನ್ನೂ ಮನೆಗೆ ಬಂದ ನೆಂಟರನ್ನು ನೋಡಿದ ಹಾಗೆ ನೋಡಿದಳು. ಮೊದಲ ದಿನ ಪ್ರಶ್ನೆಗಳು ಕಡಿಮೆಯಾದವು. ಮರುದಿನ ಬೆಳಿಗ್ಗೆ ಕನಸಿನ ವರದಿ ಬರಲಿಲ್ಲ. ಮೂರನೆಯ ದಿನಕ್ಕೆ ಮನೆಯಲ್ಲೂ ಅವಳು ಶಾಲೆಯ ಇಂಚುವೇ ಆದಳು. ಕರೆದರೆ ಬರುತ್ತಿದ್ದಳು, ಕೊಟ್ಟದ್ದನ್ನು ತಿನ್ನುತ್ತಿದ್ದಳು.

ಕೊಲ್ಕತ್ತೆಯ ಆ ಮನೆಯಲ್ಲಿ ನಮ್ಮ ಸೀಲಿಂಗ್ ಫ್ಯಾನು ಕಿರ್ ಎನ್ನುತ್ತದೆ ಎಂದು ನನಗೆ ಗೊತ್ತಾದದ್ದು ಆ ವಾರ. ನದಿಯಾಚೆಯ ರೈಲಿನ ಸದ್ದೂ ಕೇಳುತ್ತಿತ್ತು. ಒಂದು ಸಂಜೆ ನಾನು ಒಳಕೋಣೆಯಲ್ಲಿದ್ದಾಗ ಅಡುಗೆಮನೆಯಿಂದ ಪಿಸುಮಾತು ಬಂತು. ಇಂಚು ತಾಯಿಯ ಸೀರೆ ಹಿಡಿದು ಕೇಳುತ್ತಿದ್ದಳು, "ಅವ್ವಾ, ಅಪ್ಪ ನನ್ನ ಮ್ಯಾಲ ಸಿಟ್ಟಾಗ್ಯಾನೇನು?" ಗಿರಿಜಾ ಒಂದು ಕ್ಷಣ ತಡೆದು "ನೋ, ನೋ, ಅಪ್ಪ ಈಸ್ ನಾಟ್ ಆ್ಯಂಗ್ರಿ" ಅಂದಳು. ಇಂಚು ಹಿಡಿದ ಸೀರೆ ಬಿಟ್ಟಳು.

ಭಾನುವಾರ ಬೆಳಿಗ್ಗೆ ಹಾಲು ಉಕ್ಕಿತು. ದೊಡ್ಡ ಪಾತ್ರೆಯ ತುಂಬ ಇದ್ದ ಹಾಲು, ಒಲೆಯ ಮೇಲೆಲ್ಲ ಹರಿದು, ಕಟ್ಟೆಯಿಂದ ಕೆಳಗಿಳಿದು, ಗಿರಿಜಾಳ ಪಾದದ ತನಕ ಬಂತು. "ಅಯ್ಯಽ ಅಯ್ಯಽ, ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚಲಿ, ಹಾಲೆಲ್ಲಾ ಉಕ್ಕಿ ಹೋತಲ್ಲಽ! ಏನ್ರಿ, ಅಲ್ಲೇ ನಿಂತು ಏನ್ ನೋಡ್ತೀರಿ, ಅರಿವಿ ತರ್ರಿ ಲಗೂನ!" ಎಂದು ಅವಳು ಧಾರವಾಡದ ಯಾವ ಓಣಿಯಲ್ಲಿ ಬೇಕಾದರೂ ಕೇಳಿಸುವಂತೆ ಕೂಗಿದಳು. ಮಾತೇ ಆಡದ ಗಿರಿಜಾ. ಬಾಗಿಲಲ್ಲಿ ನಿಂತಿದ್ದ ಇಂಚು ಮೊದಲು ತಾಯಿಯ ಮುಖ ನೋಡಿದಳು, ಆಮೇಲೆ ನನ್ನದು. ಆಮೇಲೆ ನಗತೊಡಗಿದಳು. ನಗುನಗುತ್ತಲೇ ಹಾಲಿನ ಮಡುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅವ್ವಾ, ಹಾಲು ಒಲಿ ಮ್ಯಾಲಿಂದ ಓಡಿ ಹೊಂಟದ, ಅದಕ್ಕ ಕಾಲು ಸುಟ್ಟಿರಬೇಕು, ಆಮ್ಯಾಲ ಅದು..." ಎಂದು ಹಿಡಿದವಳು ಮಧ್ಯಾಹ್ನದ ಊಟದ ತನಕ ಬಿಡಲಿಲ್ಲ. ನಾನೂ ಗಿರಿಜಾಳೂ ಒದ್ದೆ ಅರಿವೆ ಹಿಡಿದುಕೊಂಡು ನೆಲದ ಮೇಲೇ ಕೂತು ಕೇಳಿದೆವು. ಆ ದಿನ ನಾನು ಹೂಂ ಅನ್ನಲಿಲ್ಲ.

ಸೋಮವಾರ ಶಾಲೆಗೆ ಹೋಗಿ ಶರ್ಮಿಷ್ಠಾ ಮಿಸ್‌ಗೆ, ನಮ್ಮಿಂದ ಅದು ಆಗುವುದಿಲ್ಲ ಎಂದೆ. ಅವಳು ವಾದ ಮಾಡಲಿಲ್ಲ. "ಠಿಕ್ ಆಛೆ ದಾದಾ, ದೇಖ್‌ಛಿ," ಅಂದಳು. ಆಯಿತು, ನೋಡೋಣ.

ನೋಡುತ್ತ ನೋಡುತ್ತ ಚಳಿಗಾಲ ಬಂತು. ಇಂಚು ಶಾಲೆಯಲ್ಲಿ ಮೂಕಿಯಾಗಿಯೇ ಇದ್ದಳು. ಕಿವಿಯ ಡಾಕ್ಟರು ಕಿವಿ ಚೆನ್ನಾಗಿದೆ ಎಂದರು. ಧಾರವಾಡದಿಂದ ನನ್ನ ತಾಯಿ ದೃಷ್ಟಿ ತೆಗೆಯುವ ಕ್ರಮವನ್ನು ಫೋನಿನಲ್ಲಿ ಹೇಳಿಕೊಟ್ಟಳು, ಗಿರಿಜಾ ತೆಗೆದಳು. ಒಂದು ಭಾನುವಾರ ನಾವು ಮೂವರೂ ದೋಣಿಯಲ್ಲಿ ಬೇಲೂರಿಗೆ ಹೊರಟೆವು. ನಮ್ಮ ಬೇಲೂರಲ್ಲ, ಇಲ್ಲಿಯ ಬೇಲೂರು, ನದಿಯಾಚೆಯದು. ಇಲ್ಲಿಯವರು ಆ ದೋಣಿಯನ್ನು ಭುಟ್‌ಭುಟಿ ಎನ್ನುತ್ತಾರೆ, ಎಂಜಿನ್ನು ಮಾಡುವ ಸದ್ದೇ ಅದರ ಹೆಸರು. ಇಂಚುವಿಗೆ ಮಂಕಿ ಟೋಪಿ ಹಾಕಿಸಿದ್ದೆವು. ಕಣ್ಣು ಮೂಗು ಬಾಯಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇವುಗಳಲ್ಲಿ ಅವಳಿಗೆ ಬೇಕಾದದ್ದು ಬಾಯಿ, ಅದು ತೆರೆದೇ ಇತ್ತು.

ಎಂಜಿನ್ನಿನ ಸದ್ದನ್ನು ಮೀರಿಸಲು ಅವಳು ಕೂಗಿಯೇ ಮಾತಾಡುತ್ತಿದ್ದಳು. ನೀರಿನ ಮೇಲೆ ಹಸಿರು ಗಡ್ಡೆಗಳು ತೇಲಿ ಹೋಗುತ್ತಿದ್ದವು.

"ಅಪ್ಪಾ, ಆ ಗಿಡ ಎಲ್ಲಿಗೆ ಹೊಂಟಾವ?"

"ಸಮುದ್ರಕ್ಕ."

"ಯಾಕ?"

"ನೀರು ಅಲ್ಲಿಗೆ ಹೊಂಟದಲ್ಲಾ, ಅದಕ್ಕ."

"ನೀರು ಯಾಕ ಹೊಂಟದ? ಇಲ್ಲೇ ಯಾಕ ಇರೂದಿಲ್ಲ? ಅವಕ್ಕ ಟಿಕೀಟ ಇಲ್ಲಾ, ನಮಗ ಯಾಕ ಟಿಕೀಟ?"

ನಾನು ಉತ್ತರ ಹುಡುಕುತ್ತ ತಲೆ ತಿರುಗಿಸಿದಾಗ ಹಿಂದಿನ ಹಲಗೆಯ ಮೇಲೆ ಶಾಲು ಹೊದ್ದು ಕೂತಿದ್ದ ಹೆಂಗಸನ್ನು ಕಂಡೆ. ಶರ್ಮಿಷ್ಠಾ ಮಿಸ್. ಆಚೆ ದಡದಲ್ಲಿ ಅವಳ ತವರಂತೆ, ಆಮೇಲೆ ಗೊತ್ತಾಯಿತು. ನಾನು ನಮಸ್ಕಾರಕ್ಕೆ ಕೈ ಎತ್ತುವುದರೊಳಗೆ ಅವಳು ತುಟಿಯ ಮೇಲೆ ಬೆರಳಿಟ್ಟಳು. ಬೇಡ, ಹೇಳಬೇಡಿ. ನಾನು ಮುಂದೆ ತಿರುಗಿ ಕೂತೆ. ನದಿ ದಾಟುವ ತನಕ ಇಂಚು ಮಾತಾಡಿದಳು. ಓರೆಗಣ್ಣಲ್ಲಿ ನೋಡಿದೆ, ತನಗೆ ಒಂದಕ್ಷರ ತಿಳಿಯದ ಭಾಷೆಯನ್ನು ಮಿಸ್ ಕತ್ತು ಮುಂದೆ ಚಾಚಿ, ಒಂದು ದನಿಯೂ ತಪ್ಪದಂತೆ ಕೇಳಿದಳು. ಘಾಟಿನಲ್ಲಿ ಇಳಿಯುವಾಗ ನಾನು ಹಿಂದೆ ಉಳಿದೆ. ಅವಳ ಕಣ್ಣುಗಳು ಒದ್ದೆಯಾಗಿದ್ದವು, ಚಳಿಗಾಳಿಗೂ ಇರಬಹುದು. "ಇಷ್ಟೊಂದು ಮಾತು!" ಅಂದಳು. ಆಮೇಲೆ, "ದಾದಾ, ಮತ್ತೆ ಮತ್ತೆ ಒಂದು ಶಬ್ದ ಹೇಳುತ್ತಿದ್ದಳಲ್ಲ, ಯಾಕ್, ಯಾಕ್... ಹಾಗೆಂದರೆ ಏನು?" ಎಂದು ಕೇಳಿದಳು. "ಕೆನೊ," ಅಂದೆ. ಯಾಕೆ ಎನ್ನುವುದಕ್ಕೆ ಬಂಗಾಳಿಯಲ್ಲಿ ಕೆನೊ.

ಎರಡು ದಿನದ ಮೇಲೆ ಮಧ್ಯಾಹ್ನ ಕಚೇರಿಗೆ ಗಿರಿಜಾಳ ಫೋನು ಬಂತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ಏನ್ರಿ, ಮಾತಾಡ್ಯಾಳಂತ್ರಿ!" ಎಂದಷ್ಟೇ ಮೂರು ನಾಲ್ಕು ಸಲ ಹೇಳಿದಳು.

ಆದದ್ದು ಇಷ್ಟು. ಶರ್ಮಿಷ್ಠಾ ಮಿಸ್ ತರಗತಿಯಲ್ಲಿ ಚಿತ್ರದ ಪುಸ್ತಕ ತೋರಿಸುತ್ತಿದ್ದಳು. ಕಾಗೆ ಮರದ ಮೇಲೆ ಕೂತಿದೆ. ಮಿಸ್ ಇಂಚುವಿನ ಕಡೆ ನೋಡದೆ, ಗಾಳಿಯಲ್ಲಿ ತೇಲಿಬಿಟ್ಟ ಹಾಗೆ, "ಯಾಕ್?" ಎಂದು ಕೇಳಿದಳು. ಮಕ್ಕಳಿಗೆ ಇಂಗ್ಲಿಷಿನ ಛೀ-ಥೂ ಶಬ್ದ ನೆನಪಾಯಿತು. "ಯಕ್! ಯಕ್!" ಎಂದು ಇಡೀ ತರಗತಿ ಮೂಗು ಮುಚ್ಚಿಕೊಂಡು ಕುಣಿಯಿತು. ಗೋಡೆಯ ಪಕ್ಕದ ಕುರ್ಚಿಯಿಂದ ಇಂಚು ಎದ್ದು ನಿಂತಳು. ಮುಖ ಕೆಂಪಾಗಿತ್ತಂತೆ. "ಯಕ್ ನಾ!" ಎಂದು ಕೂಗಿದಳು. "ಯಾಕ! ಯಾಕ ಮಾನೆ ಕೆನೊ!"

ಯಕ್ ಅಲ್ಲ, ಯಾಕ. ಯಾಕ ಅಂದರೆ ಕೆನೊ. ಅಷ್ಟು ತಿಂಗಳೂ ಅವಳು ಸುಮ್ಮನೆ ಕೂತಿರಲಿಲ್ಲ, ಕೇಳುತ್ತ ಕೂತಿದ್ದಳು. ಆ ಸಂಜೆ ಕಾಕಿಮಾ ಖರ್ಜೂರದ ಬೆಲ್ಲದ ಪಾಯಸ ಮಾಡಿ ಮೇಲೆ ತಂದರು. ಗಲ್ಲಿಯಲ್ಲಿ ಯಾರಾದರೂ ಪರೀಕ್ಷೆ ಪಾಸಾದರೆ ಮಾಡುವ ಹಾಗೆ.

ಆಮೇಲೇನಾಯಿತು ಎಂದು ನೀವು ಊಹಿಸಬಲ್ಲಿರಿ. ಬೇಸಿಗೆ ಬರುವುದರೊಳಗೆ ಶಾಲೆಯಿಂದ ಮತ್ತೆ ಕರೆ ಬಂತು: ಇಂಚರಾ ಪಾಠದ ನಡುವೆ ಬಹಳ ಮಾತಾಡುತ್ತಾಳೆ. ನಾವಿಬ್ಬರೂ ಹಬ್ಬದ ಬಟ್ಟೆ ಹಾಕಿಕೊಂಡು ಹೋಗಿ ಆ ದೂರನ್ನು ಕೇಳಿ ಬಂದೆವು.

ಬಯಸಿದ್ದು ಕೈಗೂಡಿದಾಗ ಅದರ ಜೊತೆಗೆ ಇನ್ನೇನು ಹೋಗುತ್ತಿದೆ ಎಂದು ಯಾರೂ ನೋಡುವುದಿಲ್ಲ. ಮೊದಲು ಬಣ್ಣಗಳು ಹೋದವು. ಲಾಲ್, ಹೊಲುದ್, ಸೊಬುಜ್ ಬಂದವು. ಆಮೇಲೆ ಎಣಿಕೆ. ಗೊಂಬೆಗಳ ಜಗಳ ಬಂಗಾಳಿಯಲ್ಲಿ ನಡೆಯತೊಡಗಿತು. ನಾವು ಹೆಮ್ಮೆಯಿಂದಲೇ ನೋಡಿದೆವು. ತರಕಾರಿಯವನ ಜೊತೆ ಚೌಕಾಸಿ ಮಾಡಲು ಗಿರಿಜಾ ಆರು ವರ್ಷದ ಮಗಳನ್ನು ಮುಂದೆ ಬಿಡುತ್ತಿದ್ದಳು. ಶಾಲೆಯ ಸುದ್ದಿ ಹೇಳುವಾಗ ನಡುವೆ ನಮಗೆ ತಿಳಿಯದ ಶಬ್ದ ಬಂದರೆ ಅದರ ಅರ್ಥ ಕೇಳುತ್ತಿದ್ದೆವು. ಮೊದಮೊದಲು ನಿಂತು ತಿಳಿಸಿ ಹೇಳುತ್ತಿದ್ದಳು. ಕೆಲವು ವರ್ಷಗಳಲ್ಲಿ, ನಾವು ಕೇಳಿದ ಕೂಡಲೇ, "ಏನಿಲ್ಲ ಬಿಡು" ಅನ್ನತೊಡಗಿದಳು. ಸಿಟ್ಟಿನಿಂದಲ್ಲ. ಹೇಳಿ ಮುಗಿಸುವುದರೊಳಗೆ ಕತೆಯ ಬಿಸಿ ಆರಿಹೋಗುತ್ತದೆ, ಅಷ್ಟೆ.

ಈಗ ಅವಳಿಗೆ ಹದಿನೈದು. ಮೆಟ್ರೊ ನಮ್ಮ ದಕ್ಷಿಣೇಶ್ವರದ ತನಕ ಬಂದಿದೆ, ಕಾಕಿಮಾ ತೀರಿಹೋಗಿ ಮೂರು ವರ್ಷವಾಯಿತು, ನಾವು ಅದೇ ಮಹಡಿಯಲ್ಲಿದ್ದೇವೆ. ಸಂಜೆ ಅವಳ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಒಳಗಿನಿಂದ ಗೆಳತಿ ರಿಮ್‌ಝಿಮ್ ಜೊತೆ ಫೋನಿನಲ್ಲಿ ಮಾತು, ನಗು, ಮತ್ತೆ ಮಾತು, ನದಿಯ ಹಾಗೆ ಬಂಗಾಳಿ. ಊಟಕ್ಕೆ ಬಂದಾಗ ನಾವು ಏನೇ ಕೇಳಿದರೂ "ಹೂಂ" ಎನ್ನುತ್ತಾಳೆ. ನನಗೂ ಅವಳಿಗೂ ಇದರಲ್ಲಿ ಲೆಕ್ಕ ಚುಕ್ತಾ ಆಯಿತೆಂದು ಗಿರಿಜಾ ನಗುತ್ತಾಳೆ. ಆದರೆ ಮುಚ್ಚಿದ ಬಾಗಿಲ ಮುಂದೆ ಮಡಚಿದ ಬಟ್ಟೆ ಹಿಡಿದು ಅವಳೂ ಒಂದು ಗಳಿಗೆ ನಿಲ್ಲುವುದನ್ನು ನಾನು ನೋಡಿದ್ದೇನೆ. ಇಡೀ ಊರಿನಲ್ಲಿ ಆ ಮಗುವಿನ ಮಾತು ತಿಳಿಯುವವರು ಇಬ್ಬರೇ ಇದ್ದ ಕಾಲವೊಂದಿತ್ತು. ಅದು ಮಗುವಿಗೆ ಎಷ್ಟು ಕಷ್ಟದ ಕಾಲವೆಂದು ನನಗೆ ಗೊತ್ತು. ಗೊತ್ತಿದ್ದೂ ಆ ಕಾಲಕ್ಕಾಗಿ ಜೀವ ಎಳೆಯುತ್ತದೆ. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ, ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮೆಟ್ರೊದಲ್ಲಿ ಆ ಹುಡುಗಿಯನ್ನು ಕಂಡ ಸಂಜೆ ನನ್ನ ತಲೆಯಲ್ಲಿ ಇನ್ನೊಂದು ಸುದ್ದಿಯೂ ಇತ್ತು. ಹುಬ್ಬಳ್ಳಿಯ ನಮ್ಮ ಕಚೇರಿಯಲ್ಲಿ ಜಾಗ ಖಾಲಿಯಾಗುತ್ತಿದೆ, ನಿಮಗೆ ಬೇಕಿದ್ದರೆ ಈ ಸಲ ಕೊಡಿಸಬಹುದು, ಸೋಮವಾರ ಹೇಳಿ ಎಂದು ಮೇಲಧಿಕಾರಿ ಕರೆದು ಹೇಳಿದ್ದರು. ವರ್ಷಗಳಿಂದ ಕೇಳುತ್ತಿದ್ದೆ. ಮನೆಗೆ ಬಂದು ಹೇಳಿದಾಗ ಗಿರಿಜಾ ಕೂತಲ್ಲಿಂದ ಎದ್ದಳು, ಮತ್ತೆ ಕೂತಳು. ಧಾರವಾಡದಲ್ಲಿ ಅವಳ ತಂಗಿ, ನನ್ನ ತಾಯಿ, ಬಾಯಿ ಬಿಟ್ಟರೆ ತಿಳಿಯುವ ಜನ. ಅಲ್ಲಿಗೆ ಹೋದರೆ ಇಂಚುವಿನ ಕನ್ನಡವೂ ತಿರುಗಿ ಬಂದ ಹಾಗಾಯಿತು ಎಂದೆ. ಊಟಕ್ಕೆ ಕೂತಿದ್ದ ಇಂಚು ನಮ್ಮಿಬ್ಬರನ್ನೂ ನೋಡಿದಳು. ತಾಟು ತೊಳೆದಿಟ್ಟು ಒಳಗೆ ಹೋದಳು.

ಎರಡು ದಿನ ಕಳೆದವು. ಭಾನುವಾರ ಬೆಳಿಗ್ಗೆ ಗಿರಿಜಾ ರೊಟ್ಟಿ ಬಡಿಯುತ್ತಿದ್ದಾಗ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಕೈಯಲ್ಲಿ ಫೋನು ಇರಲಿಲ್ಲ.

"ಅಪ್ಪಾ, ನೀನೂ ಬಾ. ನಾ ಒಂದು ಮಾತು ಹೇಳಬೇಕು. ನಡುವ ಯಾರೂ ಮಾತಾಡಬ್ಯಾಡ್ರಿ. ಕನ್ನಡದಾಗ ಹೇಳ್ತೇನಿ, ತಪ್ಪಾದ್ರ ನಗಬ್ಯಾಡ್ರಿ."

ನಾನು ಬಂದು ಗೋಡೆಗೆ ಒರಗಿ ನಿಂತೆ.

"ನಿಮಗ ಧಾರವಾಡ ಮನಿ. ನನಗ ಧಾರವಾಡ ರಜಾ. ರಜಾದಾಗ ಎಲ್ಲಾ ಚೊಲೋನ ಇರ್ತದ. ಆಯಿ ನಂಗ ಭಾಳ ಸೇರ್ತಾನ." ಬಂಗಾಳಿಯಲ್ಲಿ ಅವನು ಅವಳು ಎಂಬ ಭೇದವಿಲ್ಲ, ಅವಳ ಕನ್ನಡದಲ್ಲಿ ಆಯಿಯೂ ಗಂಡಾಗುತ್ತಾಳೆ. ಗಿರಿಜಾಳ ತುಟಿ ಅಲುಗಿತು, ಆದರೆ ನಗಲಿಲ್ಲ. "ಆದ್ರ ಹತ್ತು ದಿನ ಆದ ಮ್ಯಾಲ ನಂಗ ಮನಿಗೆ ಹೋಗೂಣು ಅನಸ್ತದ. ಮನಿ ಅಂದ್ರ ಇದು. ಅಲ್ಲೆ ಎಲ್ಲಾರೂ ನನ್ನ ಕನ್ನಡ ಕೇಳಿ ನಗ್ತಾರ. ಪ್ರೀತಿಲೇ ನಗ್ತಾರ, ನಂಗೊತ್ತದ. ದಿನಾ ನಗಿಸ್ಕೊಂಡು ಸಾಲಿಗೆ ಹೋಗೂದು ಹೆಂಗ?"

ಮುಂದಿನದನ್ನು ನೆಲ ನೋಡುತ್ತ ಹೇಳಿದಳು.

"ನಾ ಸಣ್ಣಾಕಿದ್ದಾಗ ಸಾಲ್ಯಾಗ ಮಾತೇ ಆಡ್ತಿದ್ದಿಲ್ಲ ಅಂತ ನೀವು ಎಲ್ಲಾರ ಮುಂದ ನಕ್ಕೋತ ಹೇಳ್ತೀರಿ. ನಂಗ ಅದು ನೆನಪದ ಅಪ್ಪಾ. ಬಾಯಿ ತುಂಬ ಮಾತಿತ್ತು. ಅಲ್ಲೆ ಯಾರಿಗೂ ಅದು ಬೇಕಾಗಿದ್ದಿಲ್ಲ. ಮತ್ತೊಮ್ಮೆ ಹಂಗ ಗ್ವಾಡಿಗೆ ನಿಂದ್ರೂದು ನನ್ನ ಕಡಿಂದ ಆಗೂದಿಲ್ಲ. ನೀವಿಬ್ಬರೂ ಹೋಗೂದಾದ್ರ ನಾನೂ ಬರ್ತೇನಿ, ಬರೂದಿಲ್ಲ ಅಂತ ಅನ್ನೂದಿಲ್ಲ. ಆದ್ರ ಅಲ್ಲೆ ನಂಗ... ನಂಗ ಮೊನ್ ಕೆಮೊನ್ ಕೊರ್ಬೆ..." ಶಬ್ದಕ್ಕಾಗಿ ಕೈಯಾಡಿಸಿದಳು. "ಮೊನ್ ಕೆಮೊನ್. ಏನೋ ಒಂದು ಬಿಟ್ಟು ಬಂದೇವಿ, ಅದನ್ನ ನೆನಸಿ ಒಳಗ ಒಂಥರಾ ಆಗ್ತದಲ್ಲಾ, ದಿನಾ ಆಗ್ತದ, ಯಾರಿಗೂ ಹೇಳ್ಲಿಕ್ಕೆ ಬರೂದಿಲ್ಲ. ಅದಕ್ಕ ಕನ್ನಡದಾಗ ಏನಂತಾರ?"

ಹೆಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. ಯಾರೂ ಅದನ್ನು ತಿರುವಲಿಲ್ಲ.

"ಹಳಹಳಿ," ಅಂದಳು ಗಿರಿಜಾ. ಹಿಟ್ಟಿನ ಕೈಯನ್ನೇ ನೋಡುತ್ತ ಹೇಳಿದಳು. ಆ ಶಬ್ದ ಅವಳಿಗೆ ಅಷ್ಟು ಬೇಗ ಯಾಕೆ ಸಿಕ್ಕಿತೆಂದು ನನಗೆ ಗೊತ್ತಿತ್ತು.

"ಹಾಂ, ಅದಽ. ಹಳಹಳಿ. ನಂಗ ಅಲ್ಲೆ ಭಾಳ ಹಳಹಳಿ ಆಗ್ತದ." ಮಗಳು ನಿಟ್ಟುಸಿರು ಬಿಟ್ಟಳು. "ಮುಗೀತು. ಈಗ ನೀವು ಹೇಳ್ರಿ."

ಸೋಮವಾರ ನಾನು ಮೇಲಧಿಕಾರಿಗೆ ಬೇಡವೆಂದೆ, ಅವರು ಆಶ್ಚರ್ಯಪಟ್ಟರು, ಆ ಜಾಗ ಬೇರೆಯವರಿಗೆ ಹೋಯಿತು. ಭಾನುವಾರ ರಾತ್ರಿ ಗಿರಿಜಾಳೇ ತಂಗಿಗೆ ಫೋನು ಮಾಡಿ ಹೇಳಿ, ಬಹಳ ಹೊತ್ತು ತಾರಸಿಯ ಮೇಲೆ ಒಬ್ಬಳೇ ಇದ್ದು ಕೆಳಗಿಳಿದು ಬಂದಳು. ಆದರೆ ಅದೆಲ್ಲ ಆಮೇಲಿನದು. ಆ ಬೆಳಿಗ್ಗೆ ಅಡುಗೆಮನೆಯಲ್ಲಿ, ನಮ್ಮ ಉತ್ತರಕ್ಕಾಗಿ ಮುಖವೆತ್ತಿ ಕೂತ ಮಗಳ ಮುಂದೆ, ನನಗೆ ಹೊಳೆದದ್ದು ಒಂದೇ. ಎಷ್ಟೋ ವರ್ಷಗಳ ಮೇಲೆ ಅವಳು ಇಷ್ಟುದ್ದ ಮಾತಾಡಿದ್ದಳು, ನಮ್ಮ ಕೂಡ, ನಮ್ಮ ಭಾಷೆಯಲ್ಲಿ, ಆ ಭಾಷೆಯ ಊರಿಗೆ ತನ್ನನ್ನು ಒಯ್ಯಬೇಡಿ ಎಂದು ಕೇಳಿಕೊಳ್ಳಲು.

"ಇನ್ನೊಮ್ಮೆ ಹೇಳು," ಅಂದೆ.

"ಯಾಕಪ್ಪಾ, ತಿಳೀಲಿಲ್ಲೇನು?"

"ತಿಳೀತು. ಆದ್ರೂ ಹೇಳು."

ಅವಳು ನನ್ನ ಮುಖವನ್ನೇ ನೋಡಿದಳು. ಏನು ಕಂಡಳೋ, ಹೊಸ್ತಿಲ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದಳು. ನಾನು ಕೂತೆ. ಗಿರಿಜಾ ಒಲೆ ಆರಿಸಿ ಬಂದು ಅಲ್ಲೇ ನೆಲದ ಮೇಲೆ ಕೂತಳು. ಮಗಳು ಗಂಟಲು ಸರಿ ಮಾಡಿಕೊಂಡು, ಮೊದಲಿನಿಂದ ಶುರು ಮಾಡಿದಳು.